ಎರಡು ಕೆಂಪು ಹುರಿ

ದೀಪ ಸಣ್ಣ ಮಾಡಿ. ಕಿಟಕಿ ಕಡೆ ಯಾರೂ ನೋಡಬೇಡಿ, ಆಚೆ ಹಿಮ ಬಿಟ್ಟು ಇನ್ನೇನೂ ಇಲ್ಲ... ಇದು ನಮ್ಮ ಪಕ್ಕದ ಮನೆ ಪ್ಲೀನಿಯೊಗೆ ಆದದ್ದು. ಬೆರ್ನಿನಾ ಕಣಿವೆ ದಾರಿಯ ಮೇಲೆ ರೈಲು ಹಳಿ ಕಾಯೋ ಕೆಲಸ ಅವನದು.

ಒಂದು ಫೆಬ್ರುವರಿ ಸಂಜೆ ರೈಲು ಹಿಮಕ್ಕೆ ಸಿಕ್ಕಿ ಕೆಳಗಿನ ಸ್ಟೇಷನ್ನಿನಲ್ಲೇ ನಿಂತುಬಿಟ್ಟಿತು. ತವರಿಂದ ಅದರಲ್ಲೇ ಬರುತ್ತಿದ್ದ ಹೆಂಡತಿ ನೇಸಾ ಅಲ್ಲಿಂದ ಫೋನು ಮಾಡಿದಳು.

"ಸ್ಕೀ ಕಟ್ಟಿಕೊಂಡು ಬಂದುಬಿಡ್ತೀನಿ. ಮಗು ಹಾಲಿಗೆ ಅಳ್ತಿರಬೇಕು."

"ಅಳ್ತಾ ಇಲ್ಲ, ಕಿರುಚ್ತಾ ಇದೆ. ಥೇಟ್ ನಿನ್ನ ಹಾಗೇ. ಹಳಿ ಕೆಳಗಿನ ಇಳಿಜಾರಿಗೆ ಅಡ್ಡ ಹಾಯ್ದು ಬಾ, ಹತ್ತಿರ ಆಗುತ್ತೆ."

"ಅಲ್ಲಿ ಹಿಮ ಕುಸಿಯಲ್ವಾ?"

"ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ ಮಾರಾಯ್ತಿ. ಬಾ. ಹುರಿ ಮಾತ್ರ ಕಟ್ಟಿಕೊ."

ಹುರಿ ಗೊತ್ತಲ್ಲ, ಸೊಂಟಕ್ಕೆ ಕಟ್ಟಿ ಹಿಂದೆ ಎಳೆದುಕೊಂಡು ಬರೋ ಕೆಂಪು ದಾರ. ಮನುಷ್ಯ ಹೂತುಹೋದರೂ ಅದರ ತುದಿ ಮೇಲೆ ಉಳಿಯುತ್ತೆ. ಮೀಟರಿಗೊಂದು ತಗಡಿನ ಬಿಲ್ಲೆ. ಬಿಲ್ಲೆ ಮೇಲೆ ಮನುಷ್ಯ ಯಾವ ಕಡೆ ಅಂತ ಬಾಣ, ಇನ್ನೆಷ್ಟು ಮೀಟರು ಅಂತ ಅಂಕಿ.

ಪ್ಲೀನಿಯೊ ಮಗೂನ ತನ್ನ ಅಮ್ಮನ ಕೈಗೆ ಕೊಟ್ಟು, ಲಾಂದ್ರ, ಸಲಿಕೆ ಹಿಡಿದು ಎದುರುಗೊಳ್ಳೋಕೆ ಹೊರಟ. ಅರ್ಧ ದಾರಿ ಹೋಗಿದ್ದನೋ ಇಲ್ಲವೋ... ದುಪ್ಪ್. ಕಂಬಳಿ ಒದರಿದ ಹಾಗೆ. ಆಮೇಲೆ ಉಸ್ಸ್... ಅಂತ ಉದ್ದಕ್ಕೆ. ಆಮೇಲೆ ಏನೂ ಇಲ್ಲ.

ನಾನೇ ಬಾ ಅಂದೆನಲ್ಲ, ನಾನೇ ಕೊಂದೆನಲ್ಲ ಅಂತ ಎದೆ ಬಡಿದುಕೊಳ್ಳುತ್ತಾ ಓಡಿದ.

ಕುಸಿದ ಹಿಮದ ಮೇಲೆ ಕೆಂಪು ಹುರಿ ಕಂಡಿತು. ಹತ್ತು ಹೆಜ್ಜೆ ಆಚೆ... ಇನ್ನೊಂದು.

ಬಂದವಳು ಒಬ್ಬಳೇ. ಇರೋದು ಒಂದೇ ಸಲಿಕೆ. ಹೂತುಹೋದವರಿಗೆ ಕಾಲು ಗಂಟೆ ಉಸಿರು, ಅದೂ ಹೆಚ್ಚು.

ಎಡಗಡೆ ಹುರಿ ಅಲುಗಿತು. ಸರ್... ಅಂತ ಒಂದು ಗೇಣು ಒಳಗೆ ಹೋಯಿತು. ಬದುಕಿದ್ದಾಳೆ ಅಂದುಕೊಂಡು ಹುಚ್ಚು ಹಿಡಿದವನ ಹಾಗೆ ಅಗೆದ. ಆರು, ಐದು, ನಾಲ್ಕು... ಮೂರರ ಬಿಲ್ಲೆ ಹತ್ತಿರ ಸಲಿಕೆಯ ಕೆಳಗಿಂದ ಪಿಸುಮಾತು. ಗಂಡಸಿನ ದನಿ.

"ಬೇಗ... ತುಂಬಾ ದಿನ ಆಯ್ತು."

ಪ್ಲೀನಿಯೊನ ಕೈ ನಿಂತುಹೋಯಿತು. "ಯಾರು ನೀನು?"

"ಬಿಟ್ಟುಹೋಗಬೇಡ ಕಣೋ. ಎಲ್ಲರೂ ಬಿಟ್ಟುಹೋದರು."

"ಅಣ್ಣಾ, ನನ್ನ ಹೆಂಡತಿ ಅಲ್ಲಿದ್ದಾಳೆ. ಮಗು ಹಸಿದಿದೆ. ನಿನ್ನ ಕಾಲು ಹಿಡ್ಕೋತೀನಿ... ಬೆಳಿಗ್ಗೆ ಬಂದು ತೆಗೀತೀನಿ. ಮಗು ಮೇಲೆ ಆಣೆ."

ಎದ್ದು ನೋಡಿದರೆ ಹುರಿ ಅವನ ಕಾಲಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಅಳುತ್ತಾ ಬಿಡಿಸಿಕೊಂಡು ಇನ್ನೊಂದು ಹುರಿ ಕಡೆ ಓಡಿದ.

ಅಲ್ಲಿ ಅಗೆಯುವಾಗ ಸಲಿಕೆ ಹಿಡಿ ಮುರಿಯಿತು. ಕೈಯಲ್ಲೇ ಕೆರೆದ. ಉಗುರು ಕಿತ್ತುಬಂತು. ಎರಡು... ಒಂದು... ಕೂದಲು ಸಿಕ್ಕಿತು. ಬಾಯೊಳಗಿನ ಹಿಮ ತೆಗೆದ, ಕೆನ್ನೆಗೆ ಹೊಡೆದ, ಉಸಿರು ಊದಿದ. ತುಟಿ ನೀಲಿ. ಮತ್ತೆ ಊದಿದ. ಕೊನೆಗೆ ಖೊಕ್ ಅಂತ ಕೆಮ್ಮಿದಳು.

"ಇದೇನಾ... ನಿನ್ನ ಹತ್ತಿರದ ದಾರಿ?" ಅಂದಳು.

ಆಣೆ ಇಟ್ಟಿದ್ದನಲ್ಲ, ಬೆಳಕು ಹರಿಯುವ ಮೊದಲೇ ನಮ್ಮನ್ನೆಲ್ಲ ಎಬ್ಬಿಸಿ ಕರೆದುಕೊಂಡು ಹೋದ. ಹನ್ನೊಂದು ಜನ. ಆ ಹುರಿ ಅಲ್ಲೇ ಇತ್ತು. ಅಗೆದೆವು. ಮೂರು, ಎರಡು, ಒಂದು. ಮೈ ಇಲ್ಲ, ಮೂಳೆ ಇಲ್ಲ, ಬಟ್ಟೆಯ ಒಂದು ಚೂರೂ ಇಲ್ಲ. ಕಲ್ಲಾಗಿದ್ದ ಹಿಮದೊಳಗೆ ಸೊಂಟಕ್ಕೆ ಕಟ್ಟೋ ಕುಣಿಕೆ, ಹಾಕಿದ ಗಂಟು ಹಾಕಿದ ಹಾಗೇ. ಪ್ಲೀನಿಯೊ ಬಿಡಲಿಲ್ಲ. "ಅಣ್ಣಾ, ಬಂದಿದ್ದೀನಿ... ಬಂದಿದ್ದೀನಿ" ಅಂತ ಸಂಜೆವರೆಗೂ ಅಗೆದ. ನಾವೇ ರಟ್ಟೆ ಹಿಡಿದು ಎಳೆದು ತಂದೆವು.

ನೀವು ನಂಬಿ, ಬಿಡಿ. ಆ ಕುಣಿಕೆ ಹಿಮದಿಂದ ಎತ್ತಿದವನು ನಾನು, ಇದೇ ಕೈಯಲ್ಲಿ. ಅದು ಬೆಚ್ಚಗಿತ್ತು.