ಬಾವಿಕಟ್ಟೆಯಲ್ಲಿ ಊದಿದ ಕಹಳೆ

ದೇವರು ಕೊಟ್ಟ ನಾಲಿಗೆ ಇದು. ಸುಳ್ಳು ಹೇಳಿ ಕೆಡಿಸಿಕೊಳ್ಳಲಾರೆ. ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದನ್ನೇ ಹೇಳುತ್ತಿದ್ದೇನೆ.

ಅವನು ಬ್ಯಾಂಡಿನವನು. ಅವತ್ತು ಮದುವೆಯೊಂದರಲ್ಲಿ ಊದಿ, ಸರಿರಾತ್ರಿಯಲ್ಲಿ ಕಹಳೆಯನ್ನು ಕಂಕುಳಲ್ಲಿಟ್ಟುಕೊಂಡು ಹಳೇ ಬಾವಿಯ ದಾರಿಯಲ್ಲಿ ಬರುತ್ತಿದ್ದ. ಬಾವಿಯ ಆಚೆಗೆ ಸಿಪಾಯಿಗಳ ಸಮಾಧಿಗಳು. ಎರಡು ಮಹಾಯುದ್ಧಗಳಿಗೆ ಹೋಗಿ, ಹೇಗೋ ಜೀವ ಉಳಿಸಿಕೊಂಡು ಬಂದು, ಊರಲ್ಲೇ ಮುದುಕರಾಗಿ ಕಣ್ಣು ಮುಚ್ಚಿದವರು. ಬೆಳಗಾದರೆ ಅವರ ನೆನಪಿನ ದಿನ. ಸೈನ್ಯದ ಕಹಳೆ ಊದುವ ಕೆಲಸ ಇವನದು. ಇವನಿಗೆ ಬರುತ್ತಿದ್ದುದು ಸೈನ್ಯದ ಒಂದೇ ಒಂದು ರಾಗ. ಅದನ್ನು ಯಾವ ಹೊತ್ತಿಗೆ ಊದುತ್ತಾರೆಂದು ಯಾರನ್ನೂ ಕೇಳಿರಲಿಲ್ಲ, ಪಾಪ.

“ಮನೇಲಿ ಊದೀರ, ಜೋಕೆ! ಕೂಸು ಏಳುತ್ತೆ,” ಎಂದಿದ್ದಳು ಹೆಂಡತಿ. “ಆ ಸಮಾಧಿಗಳ ಹತ್ರಾನೇ ಊದ್ಕೊಂಡು ಬನ್ನಿ. ಅಲ್ಲಿ ಏಳೋರು ಯಾರೂ ಇಲ್ಲ.”

ಬಾವಿಕಟ್ಟೆಯ ಮೇಲೆ ಕೂತು, ತುಟಿ ಒದ್ದೆ ಮಾಡಿಕೊಂಡು, ಅಭ್ಯಾಸಕ್ಕೆಂದು ಊದಿದ. ಎರಡನೇ ಸಲ ಊದಿ ನಿಲ್ಲಿಸಿದಾಗ... ಜೀರುಂಡೆಗಳೂ ನಿಂತಿದ್ದವು.

ಸರ್ರ್... ಕಂಬಳಿ ಸರಿಸಿದ ಹಾಗೆ. ಒಂದು ಒಣಕೆಮ್ಮು. ಬೆಲ್ಟಿನ ಕೊಂಡಿ ‘ಟಿಣ್’ ಎಂದಿತು. ಅದರ ಹಿಂದೆ ಇನ್ನೊಂದು... ಮತ್ತೊಂದು... ಜಲ್ಲಿಯ ಮೇಲೆ ಬೂಟುಗಳು ಕರಕರ ಎಂದು ಬಂದು, ಎಲ್ಲವೂ ಒಟ್ಟಿಗೆ... ಠಪ್!

ಅವನ ಬೆನ್ನ ಹಿಂದೆಯೇ.

ತಿರುಗಿ ನೋಡಲು ಕತ್ತು ಹೊರಳಲಿಲ್ಲ. ದೇವರ ಹೆಸರು ಬಾಯಿಗೆ ಬಂತು.

“ಎದ್ದಿದ್ದೀವಪ್ಪಾ...” ಕಿವಿಯ ಹತ್ತಿರ ಪಿಸುದನಿ. “ಮತ್ತೆ ಯುದ್ಧಾನಾ?”

“ಇಲ್ಲ... ಇಲ್ಲ ತಾತ.”

“ಏಳೋ ಕಹಳೆ ಊದಿದ್ಯಲ್ಲ?”

“ತಿಳೀದೆ ಊದ್ಬಿಟ್ಟೆ. ಮಲಗಿ ತಾತ...”

“ಬಾಯಿಮಾತಿಗೆ ಸಿಪಾಯಿ ಮಲಗ್ತಾನೇನೋ? ಮಲಗೋ ಕಹಳೆ ಊದು.”

“ನಂಗೆ ಬರಲ್ಲ.”

“ಹಾಗಾದ್ರೆ ನಡಿ. ನಿನ್ನ ಹಿಂದೇನೇ ಬರ್ತೀವಿ. ಎಬ್ಬಿಸಿದೋನೇ ದಾರಿ ತೋರಿಸ್ಬೇಕು.”

“ಮನೇಲಿ ಹಸುಗೂಸಿದೆ ತಾತ... ಬರಬೇಡಿ. ಹೇಳ್ಕೊಡಿ, ಕಲೀತೀನಿ.”

ಹಲ್ಲಿಲ್ಲದ ಬಾಯಿಯ ಗುನುಗು. ಒಂದು ಸ್ವರ... ನಿಲುಗಡೆ... ಇನ್ನೊಂದು. ಇವನು ಊದಲು ಹೋದರೆ ಕಹಳೆ ಹಲ್ಲಿಗೆ ಕಟಕಟ ಬಡಿಯಿತು. ಸ್ವರ ತಪ್ಪಿತು. ಬೂಟುಗಳೆಲ್ಲ ಒಂದು ಹೆಜ್ಜೆ ಮುಂದೆ ಬಂದವು. ಅಂಗಿಯ ಕಾಲರಿಗೆ ಏನೋ ತಾಗಿತು...

ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ, ಮತ್ತೆ ಊದಿದ. ಕೊನೆಯ ಸ್ವರದವರೆಗೂ.

ಕೊಂಡಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಟಿಣ್... ಟಿಣ್... ದೂರದಿಂದ ಪಿಸುದನಿ: “ಇನ್ನು ಎಬ್ಬಿಸ್ಬೇಡ, ಮಗಾ.”

ಅವನು ಬಿದ್ದೆನೋ ಎದ್ದೆನೋ ಎಂದು ಓಡಿದ. ಮನೆಯಲ್ಲಿ ಕೂಸು ಸುಖವಾಗಿ ಮಲಗಿತ್ತು.

ಬೆಳಿಗ್ಗೆ ಅವನನ್ನು ಕರೆಯಲು ಹೋದವನು ನಾನೇ. ಹೊಸಿಲ ಮುಂದಿನ ಹಸಿ ಮಣ್ಣಿನಲ್ಲಿ ಬೂಟುಗಾಲಿನ ಒಂದು ಜೋಡಿ ಗುರುತು. ಹಿಮ್ಮಡಿ ಬಾಗಿಲ ಕಡೆ, ತುದಿ ಬೀದಿಯ ಕಡೆ. ರಾತ್ರಿಯೆಲ್ಲ ಕಾವಲು ನಿಂತಷ್ಟು ಆಳ. ಬಂದ ಹೆಜ್ಜೆ ಇಲ್ಲ, ಹೋದ ಹೆಜ್ಜೆಯೂ ಇಲ್ಲ. ಮೇಲಿರುವವನು ನೋಡುತ್ತಿದ್ದಾನೆ... ನಾನು ಕಣ್ಣಾರೆ ಕಂಡದ್ದು ಇದು.