ಮೌಂಟಿಂಗ್‌ದೇ ದೋಷ

ನಗು, ನಗು! ವ್ಯಾನಿನ ಅಡಿಗೆ ಮಲಗಿ ಹಲ್ಲು ಕಿಸಿದ್ರೆ ನನಗೆ ಕಾಣೂದಿಲ್ಲ ಅಂತ ಮಾಡಿದ್ಯಾ? ಕಾಣ್ತದೆ ಮುಬೀನಾ. ಈ ಚೌಡ ನಾಯ್ಕನ ಕಣ್ಣು ಇನ್ನೂ ಮಂಜಾಗ್ಲಿಲ್ಲ. ಗೇರ್‌ಬಾಕ್ಸಿನ ಮೌಂಟಿಂಗ್ ಹೋಗಿದೆ ಅಂತ ಮೆಕ್ಯಾನಿಕ್ ಆದ ನೀನು ಹೇಳ್ಬೇಕು. ಹೇಳ್ತಾ ಇರೂದು ಯಾರು? ಶಾಲೆ ವ್ಯಾನ್ ಓಡಿಸೂ ನಾನು! ಥೂ... ನಿನ್ನ ಗ್ಯಾರೇಜಿಗೆ ಬೋರ್ಡೊಂದು ಕೇಡು.

ಆಂ? ಎಂತ ಗೊಣಗ್ತೀಯಾ? ಎಂತದ್ದೂ ಇಲ್ವಾ? ಹಾಂ, ಇರೂದಿಲ್ಲ. ನಿನ್ನ ಹತ್ರ ಎಂತದಾದ್ರೂ ಇದ್ರೆ ತಾನೇ! ಕೇಳಿಲ್ಲಿ, ನಾನೇ ಹೇಳ್ಕೊಡ್ತೆ. ಅಷ್ಟು ಭಾರದ ಗೇರ್‌ಬಾಕ್ಸು ಕೂರೂದು ಎಂತದ್ರ ಮೇಲೆ? ಅಂಗೈ ಅಗಲದ ಒಂದು ರಬ್ಬರ್ ಮೇಲೆ. ನನ್ನ ಹೆಂಡ್ತಿ ಹೊನ್ನಿ ಕೊಡ ಹೊರುವಾಗ ತಲೆ ಮೇಲೆ ಸಿಂಬೆ ಇಟ್ಕೊಳ್ತಾಳಲ್ಲ, ಹಾಗೆ. ಸಿಂಬೆ ಹರಿದ್ರೆ ಕೊಡ ಅಲ್ಲಾಡ್ತದೋ ಇಲ್ವೋ? ಇದೂ ಅಷ್ಟೇ. ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ರೆ ಅಡಿಯಿಂದ ಧಡ್! ರಿವರ್ಸ್ ಹಾಕಿದ್ರೆ ಮತ್ತೊಂದು ಧಡ್! ನಿಂತಲ್ಲೇ ಸೀಟೆಲ್ಲ ಗಡಗಡ ನಡುಗ್ತದೆ. ಗೇರ್ ಕೋಲು ಮೈಮೇಲೆ ಬಂದವರ ಹಾಗೆ ಕುಣೀತದೆ. ಚಡಾವು ಹತ್ತುವಾಗ ಗೇರು ತನ್ನಷ್ಟಕ್ಕೇ ಜಾರಿ ಹೊರಗೆ ಬಂದುಬಿಡ್ತದೆ. ತಿಳೀತಾ? ಬರ್ಕೊ ಬೇಕಾದ್ರೆ!

ಎಂತ? ನನ್ನ ವ್ಯಾನಲ್ಲಿ ಗೇರು ಜಾರ್ತದಾ ಅಂತಾನಾ? ...ಜಾರೂದಿಲ್ಲ. ಜಾರ್ಲಿಲ್ಲ, ಆಯ್ತಾ? ಕೋಲೂ ಕುಣಿಯೂದಿಲ್ಲ. ಸೀಟೂ ನಡುಗೂದಿಲ್ಲ. ಧಡ್ ಅಂತದಲ್ಲ, ಅಷ್ಟು ಸಾಲ್ದಾ ನಿನಗೆ? ಎಲ್ಲ ರೋಗವೂ ಒಟ್ಟಿಗೇ ಬರ್ಬೇಕಾ? ದೊಡ್ಡ ಡಾಕ್ಟರು ಬಂದ!

ಹಾಂ, ಬಂದ್ಯಾ ಹೊರಗೆ. ಕೊಡಿಲ್ಲಿ ಆ ರಬ್ಬರು. ಹೋದ ಸಲದ್ದು ನೋಡಿದ್ಯಲ್ಲ, ತಗಡಿನಿಂದ ಕಿತ್ತೇ ಬಂದಿತ್ತು. ಅದರ ಹಿಂದಿನದ್ದು ನಡುವೆ ಸೀಳಿತ್ತು. ಇದನ್ನ ನೀನೇ ದಸರಾಕ್ಕೆ ಹಾಕ್ಕೊಟ್ಟಿದ್ದು. ನೋಡು ಈಗ, ಇಲ್ಲೊಂದು... ಇಲ್ಲಿ... ಬಗ್ಗಿಸಿ ತೋರಿಸ್ಬೇಡ, ನನಗೂ ಕಣ್ಣದೆ. ಸೀಳ್ಲಿಲ್ಲ. ಎಣ್ಣೆ ಕುಡಿದು ಊದ್ಕೊಂಡೂ ಇಲ್ಲ. ಹೌದಪ್ಪಾ, ಹೊಸದರ ಹಾಗೇ ಅದೆ. ಮೇಲೆ ಹಾಗೆ ಕಾಣ್ತದೆ, ಒಳಗೆ ಎಂತದೋ ಯಾರಿಗೆ ಗೊತ್ತು? ಡೂಪ್ಲಿಕೇಟ್ ಮಾಲು ತಂದು ಹಾಕೂದು, ಆಮೇಲೆ ದೊಡ್ಡ ಸತ್ಯಹರಿಶ್ಚಂದ್ರನ ಮುಖ ಮಾಡೂದು. ಈ ರಬ್ಬರ್ ಬಿಚ್ಚೂ ಮೊದ್ಲು ನೀನೇ ಸೀಟಲ್ಲಿ ಕೂತು, ಬ್ರೇಕ್ ಒತ್ತಿ ಹಿಡ್ಕೊಂಡು ಕ್ಲಚ್ ಸ್ವಲ್ಪ ಸ್ವಲ್ಪ ಬಿಟ್ಟೆಯಲ್ಲ, ಗೇರ್‌ಬಾಕ್ಸ್ ಎದ್ದು ಕುಕ್ಕರಿಸ್ತದಾ ನೋಡೂದಕ್ಕೆ... ಏಳ್ಲಿಲ್ಲ. ಏಳ್ಲಿಲ್ಲ ಅಂತ ನಾ ಒಪ್ಕೊಂಡೆ ಮಾರಾಯಾ! ನಿನ್ನ ಕಾಲಿನ ಕೆಳಗೆ ಅದು ಹೆದ್ರಿ ಸುಮ್ನಿತ್ತು ಅಂತ ತಿಳ್ಕೊ.

ತಲೆ ಅಲ್ಲಾಡಿಸ್ಬೇಡ. ನಾ ಎಂತ ನಿನ್ನ ಆಸ್ತಿ ಕೇಳಿದ್ನಾ? ಒಂದು ಮಾತು ಕೇಳಿದ್ದು. ರೋಹಿಣಿ ಟೀಚರಿಗೆ ಫೋನ್ ಮಾಡು, ‘ಮೌಂಟಿಂಗ್‌ದೇ ದೋಷ, ಸರಿ ಮಾಡಿದ್ದೇನೆ’ ಅನ್ನು. ಮುಗೀತು. ಆ ಟೀಚರೂ ಎಂಥಾ ಹೆಂಗಸು! ನಾಲಿಗೆ ಮೇಲೆ ಸಕ್ಕರೆ ಇಟ್ಕೊಂಡೇ ಹೇಳಿದ್ರು. ‘ಚೌಡಣ್ಣ, ಗಾಡಿದು ತಪ್ಪು ಅಂತ ಮುಬೀನ್ ಹೇಳಿದ್ರೆ ಸೋಮವಾರ ಬನ್ನಿ. ನಿಮ್ಮದು ತಪ್ಪಾದ್ರೆ ಮಕ್ಕಳನ್ನ ನಿಮ್ಮ ಕೈಯಲ್ಲಿ ಹೇಗೆ ಕೊಡ್ಲಿ?’ ನನ್ನ ಕೈಯಲ್ಲಿ! ಮನ್ಮನೆಯಿಂದ ಸಿದ್ದಾಪುರಕ್ಕೆ ಈ ಮಕ್ಕಳ ತಾಯಂದಿರನ್ನೂ ಇದೇ ಕೈ ಶಾಲೆಗೆ ಮುಟ್ಟಿಸಿದ್ದು. ಇವತ್ತು ಈ ಟೀಚರಿಗೆ ನನ್ನ ಕೈ ಸಾಲ್ದು.

ಹೌದು, ಆ ರಕ್ಷಿತಾ ಕೂಸಿನ ಹಣೆ ಮುಂದಿನ ಸೀಟಿಗೆ ಬಡೀತು. ಬಡೀಲಿಲ್ಲ ಅಂದ್ನಾ? ಧಡ್ ಅಂತು, ಗಾಡಿ ಹಾರ್ತು, ಕೂಸು ಮುಗ್ಗರಿಸ್ತು. ಹಣೆ ಲಿಂಬೆಹಣ್ಣಿನಷ್ಟು ಊದ್ಕೊಂಡಿತ್ತು. ಅಳ್ತಾ ಅಳ್ತಾ ‘ಅಜ್ಜಾ, ನೋವಿಲ್ಲ’ ಅಂತು ನನಗೇ ಸಮಾಧಾನ ಮಾಡ್ಲಿಕ್ಕೆ... ಆವತ್ತು ನಾ ಊಟಕ್ಕೇ ಕೂರ್ಲಿಲ್ಲ ಮುಬೀನಾ. ಅದಕ್ಕೇ ಹೇಳೂದು, ನಿನ್ನ ಹಾಳು ರಬ್ಬರ್ ಬದಲಾಯಿಸು!

ಎಂತ, ಉಲ್ಲಾಸ ಎಂತ? ಅವನ ಸುದ್ದಿ ಯಾಕೆ ಈಗ? ನನ್ನ ತಂಗಿ ಮಗ ಅವ. ನನಗೆ ಜ್ವರ ಬಂದಾಗ ಓಡಿಸಿದ್ದ, ಧಡ್ ಅನ್ಲಿಲ್ಲ. ‘ಮಾವಾ, ಗಾಡಿ ಬೆಣ್ಣೆ ಹಾಗೆ ಹೋಗ್ತದೆ’ ಅಂದ. ಬೆಣ್ಣೆಯಂತೆ! ನಿನ್ನೆ ಮೊನ್ನೆ ಲೈಸೆನ್ಸ್ ತಗೊಂಡವ, ಎಮ್ಮೆ ಹೊಡ್ಕೊಂಡು ಹೋದ ಹಾಗೆ ಹೋಗ್ತಾನೆ. ಧಡ್ ಅನ್ಲಿಕ್ಕೆ ಗಾಡಿ ಮುಂದೆ ಹೋಗ್ಬೇಕಲ್ಲ! ...ಅಲ್ಲ, ಇದನ್ನ ನಿನಗೆ ಹೇಳಿದ್ಯಾರು? ಹೊನ್ನಿ ಬಂದಿದ್ಲಾ ಇಲ್ಲಿಗೆ? ಅವಳಿಗೆ ಕೆಲಸ ಇಲ್ಲ. ಬೆಳಗಾದ್ರೆ ಶಿರಸಿಗೆ ಹೋಗ್ವಾ, ಕಾಲು ತೋರಿಸ್ವಾ, ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆ... ಅದೇ ಜಪ.

ಮತ್ತೆ ಕಾಲು ನೋಡ್ತೀಯಲ್ಲೋ! ಬರಿಗಾಲು, ಎಂತ ಈಗ? ಸೀಟು ಹತ್ತುವಾಗ ಚಪ್ಪಲಿ ಬಿಡೂದು ನಮ್ಮ ಕಾಲದವರ ಪದ್ಧತಿ. ನಿನ್ನಪ್ಪ ದಾದಾಸಾಬರೂ ಬಿಡ್ತಿದ್ರು. ಅನ್ನ ಕೊಡೂ ಗಾಡಿಯನ್ನ ಮೆಟ್ಟು ಹಾಕ್ಕೊಂಡು ತುಳೀತಾರಾ ಯಾರಾದ್ರೂ? ಅದೂ ಅಲ್ದೆ, ಬರಿಗಾಲಾದ್ರೆ ಕ್ಲಚ್ ಎಲ್ಲಿ ಹಿಡೀತು, ಎಲ್ಲಿ ಬಿಡ್ತು ಅಂತ ಅಂಗಾಲಿಗೇ ಗೊತ್ತಾಗ್ತದೆ. ಬೂಟು ಹಾಕೂ ನಿನ್ನಂಥವರಿಗೆ ಅದೆಲ್ಲ ಎಲ್ಲಿಂದ ತಿಳೀಬೇಕು.

ಅಯ್ಯಯ್ಯ, ಎಂತ ಗಲೀಜೋ ಇದು! ನೆಲದ ಮೇಲೆ ಯಾರ ಗಾಡಿ ಎಣ್ಣೆ ಹೀಗೆ ಚೆಲ್ಲಿದ್ದು? ಕೆಂಪಗದೆ... ಸ್ಟೀರಿಂಗ್ ಎಣ್ಣೆ ಇರ್ಬೇಕು. ಒರೆಸ್ಲಿಕ್ಕೂ ಆಗೂದಿಲ್ವಾ ನಿನಗೆ? ಅಲ್ಲಿ ನೋಡು, ಬಾಗಿಲ ಹತ್ರಾನೂ ಅದೆ. ಜಾಕಿನ ಹತ್ರ... ವ್ಯಾನಿನ ಸುತ್ತ... ಇಲ್ಲಿ ತನಕ...

ಯಾಕೋ ನನ್ನ ಕಾಲ ಹತ್ರ ಕೂತ್ಯಾ? ಎಣ್ಣೆ ಅಲ್ದಾ ಅದು? ...ಮುಬೀನಾ, ಎಣ್ಣೆ ಅಲ್ದಾ?

ಬಿಡು. ಕಾಲು ಬಿಡು ಅಂದೆ. ಮಗನ ವಯಸ್ಸಿನವ ನೀನು, ನನ್ನ ಕಾಲು ಹಿಡೀಬೇಡ, ಪಾಪ ಬರ್ತದೆ. ...ತಗಡಿನ ಚೂರಾ? ಇಷ್ಟುದ್ದದ್ದಾ? ಯಾವಾಗ ನೆಟ್ತೋ ಏನೋ. ಇಳಿದಾಗಿಂದ ಇಲ್ಲೇ ತಿರುಗ್ತಾ ಇದ್ನಲ್ಲ.

ಬೈಯಿ ಬೇಕಾದ್ರೆ! ನಿನ್ನ ಕಣ್ಣಲ್ಲಿ ನೀರು ಯಾಕೆ? ನೋವಾಗ್ಬೇಕಾದ್ದು ನನಗಲ್ದಾ? ...ಕುತ್ಕೊಳ್ತೆ, ಕುತ್ಕೊಳ್ತೆ, ದೂಡ್ಬೇಡ. ಹೊನ್ನಿಗೆ ಈಗಲೇ ಹೇಳ್ಬೇಡ, ಬಾಯಿ ಬಡ್ಕೊಳ್ತಾಳೆ. ಎಳೆ ಅದನ್ನ. ಹೆದರ್ಬೇಡ, ನಾ ಕೂಗೂದಿಲ್ಲ. ಗಟ್ಟಿಯಾಗಿ ಹಿಡ್ಕೊಂಡು ಒಂದೇ ಸಲಕ್ಕೆ ಎಳೆ... ಎಳೆಯೋ ಮಾರಾಯಾ, ಎಷ್ಟು ಹೊತ್ತು...

ಎಂತ?

ತೆಗೆದಾಯ್ತಾ? ಅಂಗಾಲಿಗೆ ಗೊತ್ತೇ ಆಗ್ಲಿಲ್ಲ.

...ಹಾಗಾದ್ರೆ ಫೋನ್ ತಗೊ. ಟೀಚರಿಗೆ ಮಾಡು. ಮೌಂಟಿಂಗ್ ಗಟ್ಟಿ ಅದೆ ಅಂತ್ಲೇ ಹೇಳು.