ವಾಶರ್ ಹಾಕಿದ ಕ್ಲಚ್ಚು

ನೋಡಿ, ಇವತ್ತಿನ ಅಮಾವಾಸ್ಯೆಯ ಪ್ರವಚನದಲ್ಲಿ ಪುರಾಣದ ಕಥೆ ಹೇಳುವುದಿಲ್ಲ. ಹೇಳಿದರೆ ನೀವು ರಾಕ್ಷಸನ ಜಾಗದಲ್ಲಿ ಪಕ್ಕದ ಮನೆಯವನನ್ನು ಕೂರಿಸಿ, ದೇವರ ಜಾಗದಲ್ಲಿ ನೀವೇ ಕೂತು, ಹಾಯಾಗಿ ಮನೆಗೆ ಹೋಗುತ್ತೀರಿ. ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಅದಕ್ಕೇ ಇವತ್ತು ಒಂದು ಗಾಡಿಯ ಕಥೆ. ಕೆಟ್ಟ ಗಾಡಿಯ ಕಥೆ.

ಒಬ್ಬ ಸಾಹುಕಾರನಿದ್ದ. ಯಾವೂರು ಅಂತ ಕೇಳಬೇಡಿ. ಹೇಳಿದರೆ ಅರ್ಧ ಜನ ಅವನ ಜೊತೆ ಬೀಗತನ ಹುಡುಕುತ್ತೀರಿ. ಕೆಂಪು ಕಲ್ಲಿನ ಗುಡ್ಡ ಅವನದು. ಗುಡ್ಡ ಸೀಳಿ ಚಪ್ಪಡಿ ಮಾಡಿ ದೂರದೂರಿಗೆ ಕಳಿಸುತ್ತಿದ್ದ. ಕೆಟ್ಟವನಲ್ಲ. ಒಂದು ಮಠಕ್ಕೆ ನೆಲದ ಕಲ್ಲನ್ನೆಲ್ಲ ಅವನೇ ಕೊಟ್ಟ. ಯಾವ ಮಠ? ಕೆಳಗೆ ನೋಡಬೇಡಿ, ನನ್ನ ಕಡೆ ನೋಡಿ.

ಅವನಿಗೆ ಒಬ್ಬಳೇ ಮಗಳು, ದಾನೇಶ್ವರಿ. ಹುಟ್ಟಿನಿಂದ ಬಲಗಾಲಿನಲ್ಲಿ ಶಕ್ತಿಯಿಲ್ಲ. ಮದುವೆ ಮನೆ, ಗುಡಿಯ ಮೆಟ್ಟಿಲು, ಶಾಲೆಯ ಮಾಳಿಗೆ, ಎಲ್ಲಿ ಹೋದರೂ ಯಾರಾದರೊಬ್ಬರು ಬಂದು ಅವಳನ್ನು ಎತ್ತಿಕೊಳ್ಳುತ್ತಿದ್ದರು. ಎತ್ತಿದವರಿಗೆ ಪುಣ್ಯ. ಎತ್ತಿಸಿಕೊಂಡವರಿಗೆ? ಯಾರಾದರೂ ಅವಳನ್ನು ಕೇಳಿದರೇ? ಹನ್ನೆರಡನೇ ವಯಸ್ಸಿಗೆ ಅವಳೇ ಹೇಳಿದಳು: "ಇನ್ನ ಮ್ಯಾಲೆ ನನ್ನ ಯಾರೂ ಎತ್ತಬಾರದು. ತೆವಳಿಕೋತ ಹೋದರೂ ನಾನ ಹೋಗ್ತೀನಿ."

ತಂದೆ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡ. ಎಲ್ಲಿಂದಲೋ ಹಳೆಯದೊಂದು ರೇಸಿನ ಗಾಡಿ ತಂದ. ನಾಲ್ಕು ದಪ್ಪ ಚಕ್ರ, ಬೈಕಿನ ಹಾಗೆ ಹ್ಯಾಂಡಲ್ಲು. ಎಟಿವಿ ಅಂತಾರೆ ಅದಕ್ಕೆ. ಕ್ಲಚ್ಚು ಎಡಗೈಗೆ, ಗೇರು ಎಡಗಾಲಿಗೆ, ಬ್ರೇಕು ಕೈಯಲ್ಲೂ ಇದೆ. ಬಲಗಾಲಿಗೆ ಹೆಚ್ಚು ಕೆಲಸವೇ ಇಲ್ಲ. ದೊಡ್ಡವಳಾದ ಮೇಲೆ ಹುಡುಗಿ ಅದನ್ನು ಕಲಿತಳು. ಊರುಗೋಲನ್ನು ಹಿಂದೆ ಕಟ್ಟಿಕೊಂಡು ಗುಡ್ಡದ ನೆತ್ತಿಯವರೆಗೆ ಹೋಗಿ, ಯಾವ ಬಂಡೆ ಒಡೆಯಬೇಕು, ಯಾವುದರಲ್ಲಿ ಬಿರುಕಿದೆ ಎಂದು ತಾನೇ ನೋಡಿ ಬರುತ್ತಿದ್ದಳು. ಆರು ವರ್ಷ ಯಾರೂ ಅವಳನ್ನು ಎತ್ತಲಿಲ್ಲ.

ಆ ಆರು ವರ್ಷ ಗಾಡಿ ನೋಡಿಕೊಂಡವನು ರಾಜೇಸಾಬ. ಸಣ್ಣ ಗ್ಯಾರೇಜು, ದೊಡ್ಡ ಮಾತಿಲ್ಲ. ನಮ್ಮ ಮಠದ ಜೀಪನ್ನೂ ಅವನೇ ನೋಡುವುದು. ನಾನು ಹೇಳುತ್ತಿರುವ ರಿಪೇರಿ ವಿದ್ಯೆಯೆಲ್ಲ ಅವನದೇ.

ಒಂದು ವರ್ಷ ಸಾಹುಕಾರ ಹೊಸ ಕಾರು ಕೊಂಡ. ಅದಕ್ಕೆ ಹಾಕುವ ಎಂಜಿನ್ ಆಯಿಲ್ ಬಹಳ ಮೇಲ್ದರ್ಜೆಯದಂತೆ. ಇವನಿಗೆ ಅನ್ನಿಸಿತು, ನನ್ನ ಕಾರಿಗೆ ಇಂಥ ಎಣ್ಣೆ, ನನ್ನ ಮಗಳ ಗಾಡಿಗೆ ಕಡಿಮೆಯದು ಯಾಕೆ? ಹಳೆಯದನ್ನು ಬಸಿದು ತನ್ನ ಕೈಯಾರೆ ಕಾರಿನ ಎಣ್ಣೆ ಸುರಿದ. ಪ್ರೀತಿಯಿಂದಲೇ ಸುರಿದ. ಯಾರನ್ನೂ ಕೇಳಲಿಲ್ಲ. ನಾವು ಯಾವಾಗ ಕೇಳಿದ್ದೇವೆ ಹೇಳಿ?

ಹದಿನೈದು ದಿನಕ್ಕೆ ಗಾಡಿ ಜಾರತೊಡಗಿತು. ಏರಿನಲ್ಲಿ ಎಂಜಿನ್ನು ಅರಚುತ್ತದೆ, ಚಕ್ರ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ. ರಾಜೇಸಾಬ ಬಂದ. ಮೊದಲು ಕ್ಲಚ್ಚಿನ ಕೇಬಲ್ ನೋಡಿದ, ಸರಿಯಿತ್ತು. ಆಮೇಲೆ ಸ್ವಲ್ಪ ಎಣ್ಣೆ ಬಸಿದು, ಎರಡು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದ.

"ಸಾಹುಕಾರ್ರ, ಇದು ಕಾರಿನ ಎಣ್ಣಿ ಐತ್ರಿ. ಕಾರಿನ ಕ್ಲಚ್ಚು ಹೊರಗ ಒಣಗಿರತೈತಿ, ಅದಕ್ಕ ನಡಿತೈತಿ. ಈ ಗಾಡಿ ಕ್ಲಚ್ಚು ಎಣ್ಣ್ಯಾಗ ಮುಳುಗಿರತೈತ್ರಿ. ಇಷ್ಟು ನುಣುಪಿದ್ರ ಪ್ಲೇಟು ಒಂದನ್ನೊಂದು ಹಿಡಿಯೂದಿಲ್ಲ. ಪ್ಲೇಟು ಬದಲಿ ಮಾಡಿ, ಇದರ ಎಣ್ಣಿ ಹಾಕಿಬಿಡೂಣು."

ತಪ್ಪು ಮಾತೇ? ಆದರೆ ಸುತ್ತ ಕೆಲಸಗಾರರು ನಿಂತಿದ್ದರು. ಸಾಹುಕಾರನ ಮುಖ ಕೆಂಪಾಯಿತು.

"ನಾ ಹಾಕಿದ ಎಣ್ಣಿಗೆ ಹೆಸರಿಡ್ತಿಯೇನಲೇ? ನಿನ್ನ ಗ್ಯಾರೇಜ್ ಮಾರಿದ್ರೂ ಆ ಎಣ್ಣಿ ಬರೂದಿಲ್ಲ. ನಡಿ ಹೊರಗ. ಇನ್ನ ಈ ಗೇಟ್ ದಾಟಬ್ಯಾಡ."

"ಅಪ್ಪಾ, ರಾಜೇಸಾಬ ಕಾಕಾ ಹೇಳೂದು ಖರೆ ಐತಿ," ಎಂದಳು ಮಗಳು. "ನೀ ಎಣ್ಣಿ ಹಾಕಿದ ಮ್ಯಾಲೇ ಹಿಂಗಾಗೇದ. ಗಾಡಿ ಹೊಡಿಯಾಕಿ ನಾನು, ನನಗ ಗೊತ್ತಾಗೂದಿಲ್ಲೇನು?"

"ನಿನಗ ಏನೂ ತಿಳಿಯೂದಿಲ್ಲ, ಸುಮ್ಮನಿರು."

ಸಾಹುಕಾರ ಹುಬ್ಬಳ್ಳಿಯಿಂದ ದೊಡ್ಡ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದ. ಬಿಳಿ ಅಂಗಿಯವನು. ಮಗಳು ಅವನಿಗೂ ಎಣ್ಣೆಯ ವಿಷಯ ಹೇಳಿದಳು. ಅವನು ಅವಳನ್ನು ನೋಡಲಿಲ್ಲ, ಸಾಹುಕಾರನ ಮುಖ ನೋಡಿದ. ಆ ಮುಖದಲ್ಲಿ ಎಲ್ಲ ಬರೆದಿತ್ತು. "ಎಣ್ಣಿ ಏಕ್‌ದಮ್ ಚಲೋ ಐತ್ರಿ. ಸ್ಪ್ರಿಂಗು ಸಡಿಲಾಗ್ಯಾವ, ಅಷ್ಟ," ಎಂದ. ಕ್ಲಚ್ಚಿನ ಸ್ಪ್ರಿಂಗುಗಳ ತಲೆಗೆ ಒಂದೊಂದು ಹೆಚ್ಚಿನ ವಾಶರ್, ಅಂದರೆ ತೂತಿರುವ ಲೋಹದ ಬಿಲ್ಲೆ, ಇಟ್ಟು ಬೋಲ್ಟು ಬಿಗಿದ. ಒತ್ತಡ ಹೆಚ್ಚಾಯಿತು, ಜಾರುತ್ತಿದ್ದ ಪ್ಲೇಟುಗಳು ಬಲವಂತಕ್ಕೆ ಒಂದನ್ನೊಂದು ಹಿಡಿದವು. ಗಾಡಿ ಏರಿತು. ಸಾಹುಕಾರ ಮೀಸೆ ತಿರುವಿದ.

ಆದರೆ ಇಲ್ಲಿ ಕೇಳಿ. ವಾಶರ್ ಹಾಕಿದರೆ ಕ್ಲಚ್ಚಿನ ಲೀವರ್ ಕಲ್ಲಾಗುತ್ತದೆ. ಹಿಡಿದು ಎಳೆಯಲು ಎರಡರಷ್ಟು ಶಕ್ತಿ ಬೇಕು. ಎಳೆಯುವವರು ಯಾರು? ಸಾಹುಕಾರನೇ? ಮೇಸ್ತ್ರಿಯೇ? ಆ ಹುಡುಗಿ. ವಾರದೊಳಗೆ ಅವಳ ಎಡಗೈ ಮಣಿಕಟ್ಟು ಬಾತುಕೊಂಡಿತು. ಬಟ್ಟೆ ಸುತ್ತಿಕೊಂಡು ಗಾಡಿ ಹೊಡೆದಳು. ಹೇಳಲಿಲ್ಲ. ಹೇಳಿ ಏನು ಪ್ರಯೋಜನ?

ಆ ದಿನಗಳಲ್ಲಿ ಸಾಹುಕಾರ ನನ್ನ ಬಳಿಯೂ ಬಂದಿದ್ದ. "ಸ್ವಾಮ್ಯಾರ, ಮಗಳಿಗೋಸ್ಕರ ಇಷ್ಟು ಮಾಡಿದರೂ ಮಾರಿ ಗಂಟು ಹಾಕ್ಕೊಂಡ ಇರತಾಳ" ಎಂದ. ನಾನೇನು ಮಾಡಿದೆ? ಅವನು ಹೊದಿಸಿದ ಶಾಲು ಹೊದ್ದುಕೊಂಡು, "ನಿಮ್ಮಂಥ ತಂದೆ ಸಿಗುವುದು ಅವಳ ಪುಣ್ಯ" ಎಂದೆ. ಹೊರಗೆ ಕಾರಿನಲ್ಲಿ ಕೂತಿದ್ದ ಅವಳ ಕೈ ಯಾಕೆ ಬಾತಿದೆ ಎಂದು ಕೇಳಲಿಲ್ಲ. ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಎರಡು ತಿಂಗಳಾಯಿತು. ಒಂದು ಮಧ್ಯಾಹ್ನ ಗುಡ್ಡದ ನೆತ್ತಿ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಎಂಜಿನ್ನು ಕರ್ರೆಂದು ಕಿರುಚಿ ಹಿಡಿದುಕೊಂಡು ನಿಂತುಬಿಟ್ಟಿತು. ಬಿಸಿಲು, ಜಲ್ಲಿಕಲ್ಲು, ಕಡಿದಾದ ಇಳಿಜಾರು. ಅವಳು ಊರುಗೋಲು ಬಿಚ್ಚಿ ನಾಲ್ಕು ಹೆಜ್ಜೆ ಇಳಿದಳು, ಬಿದ್ದಳು. ಮತ್ತೆ ಎದ್ದಳು, ಬಿದ್ದಳು. ಬಾತ ಕೈಗೆ ಕೋಲು ಹಿಡಿಯಲೂ ಆಗಲಿಲ್ಲ. ಕೊನೆಗೆ ಕೆಲಸಗಾರರು ಓಡಿ ಬಂದರು. ಬೇಡ, ಬೇಡ ಎಂದಳು. ಪಾಪ, ಅವರಾದರೂ ಏನು ಮಾಡಬೇಕು? ಹಲಗೆಯ ಮೇಲೆ ಮಲಗಿಸಿ, ನಾಲ್ಕು ಜನ ಹೆಗಲ ಮೇಲೆ ಹೊತ್ತು, ಇಡೀ ಕ್ವಾರಿಯ ಎದುರು ಕೆಳಗಿಳಿಸಿದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಕೆಳಗೆ ತಂದೆ ನಿಂತಿದ್ದ.

ಆಗ ರಾಜೇಸಾಬನಿಗೆ ಹೇಳಿಕಳಿಸಿದ. ಅವನು ಬಂದ, ಗೇಟಿನ ಹೊರಗೇ ನಿಂತು, "ಒಳಗ ಬರಲೇನ್ರಿ?" ಎಂದು ಕೇಳಿ ಬಂದ. ಎಂಜಿನ್ನು ಬಿಚ್ಚಿದ. ಪ್ಲೇಟುಗಳು ಕರಕಲಾಗಿದ್ದವು. ಅವುಗಳ ಪುಡಿ ಎಣ್ಣೆಯಲ್ಲಿ ಬೆರೆತು, ಎಣ್ಣೆ ಸೋಸುವ ಜಾಲರಿ ಕಟ್ಟಿಕೊಂಡು, ಮೇಲಿನ ಭಾಗಗಳಿಗೆ ಎಣ್ಣೆಯೇ ಹೋಗಿರಲಿಲ್ಲ. ಪಿಸ್ಟನ್ನು ಸಿಲಿಂಡರಿಗೆ ಅಂಟಿಕೊಂಡಿತ್ತು.

"ಸಾಹುಕಾರ್ರ, ಈ ಗಾಡ್ಯಾಗ ಕ್ಲಚ್ಚಿಗೊಂದು ಎಂಜಿನ್ನಿಗೊಂದು ಎಣ್ಣಿ ಇಲ್ರಿ. ಎರಡಕ್ಕೂ ಒಂದ. ಅಲ್ಲಿ ಸುಟ್ಟದ್ದು ಇಲ್ಲಿಗೆ ಬರೂದ. ಹಳೇ ಗಾಡಿ, ಸಾಮಾನು ಈಗ ಎಲ್ಲೂ ಸಿಗೂದಿಲ್ಲ. ನನ್ನ ಕೈಲಿ ಆಗೂದಿಲ್ರಿ."

ಸಾಹುಕಾರ ಗಾಡಿಗೆ ಬೆನ್ನು ತಿರುಗಿಸಿದ. ಆಮೇಲೆ ಮಗಳ ಹತ್ತಿರ ಹೋಗಿ, "ಆತ್ ಬಿಡವ್ವಾ. ನಾಳೆ ಹೊಸಾದು ತರಸ್ತೀನಿ, ಇದಕ್ಕಿಂತ ಚಲೋದು," ಎಂದ. ಆಗಲೂ ಅವನ ಬಾಯಿಂದ ತಪ್ಪಾಯಿತು ಎಂಬ ಮಾತು ಬರಲಿಲ್ಲ, ನೋಡಿ.

ಮಗಳು ಅಳಲಿಲ್ಲ. "ಬ್ಯಾಡಪ್ಪಾ," ಎಂದಳು. "ಹೊಸಾದು ತಂದ್ರೂ ಎಣ್ಣಿ ಹಾಕಾಂವ ನೀನ."

ಅಷ್ಟೇ ಕಥೆ. ಅವಳು ಮತ್ತೆ ಗುಡ್ಡ ಹತ್ತಲಿಲ್ಲ.

ಈಗ ಹೇಳಿ, ಯಾರ ಕಥೆ ಇದು? ಹಿಂದೆ ಕೂತವರು ತಲೆ ಆಡಿಸುತ್ತಿದ್ದೀರಿ, ಯಾರನ್ನು ನೆನೆದು? ಅಳಿಯನನ್ನೇ? ಅತ್ತೆಯನ್ನೇ? ನಾನು ಹೇಳಿದ್ದು ನಿಮ್ಮ ಕಥೆ. ನಿಮ್ಮ ಮನೆಯಲ್ಲೂ ಒಂದೇ ಎಣ್ಣೆ. ಅಂಗಡಿಯಲ್ಲಿ ಸುಟ್ಟುಕೊಂಡಿದ್ದು ಅಡುಗೆಮನೆಗೆ ಬರುತ್ತದೆ. ಹೆಂಡತಿಯ ಮೇಲೆ ತೋರಿಸಿದ ಸಿಟ್ಟು ಮಕ್ಕಳ ರಕ್ತಕ್ಕೆ ಇಳಿಯುತ್ತದೆ. ನೀವು ಮಾತ್ರ, ನಾನು ಹಾಕಿದ್ದು ಮೇಲ್ದರ್ಜೆಯ ಎಣ್ಣೆ, ಎನ್ನುತ್ತ ಎದೆ ಸೆಟೆಸಿ ನಿಲ್ಲುತ್ತೀರಿ.

ಮತ್ತೆ ಪ್ರತಿ ಅಮಾವಾಸ್ಯೆಗೆ ಇಲ್ಲಿ ಬರುತ್ತೀರಿ. ಯಾಕೆ? ವಾಶರ್ ಹಾಕಿಸಿಕೊಳ್ಳಲು. ನಾನು ನಾಲ್ಕು ಒಳ್ಳೆಯ ಮಾತು ಹೇಳಿ ನಿಮ್ಮನ್ನು ಬಿಗಿಮಾಡಿ ಕಳಿಸುತ್ತೇನೆ. ಮನೆಗೆ ಹೋಗಿ ಒಂದು ವಾರ ಬಿಗಿಯಾಗಿರುತ್ತೀರಿ. ಹೆಂಡತಿಗೆ ಹೇಳುತ್ತೀರಿ: ನಾಳೆಯಿಂದ ಉಪ್ಪು ಬಿಟ್ಟೆ, ಸ್ವಾಮಿಗಳು ಹೇಳಿದ್ದಾರೆ, ನನಗೆ ಬೇರೆ ಅಡುಗೆ ಮಾಡು! ಎರಡೆರಡು ಅಡುಗೆ ಮಾಡಿ ಕೈ ಬಾತುಕೊಂಡವಳು ಯಾರು? ನಿಮ್ಮ ಭಕ್ತಿಯ ಬಿಗಿ ಯಾರ ಮಣಿಕಟ್ಟಿಗೆ ಬಿತ್ತು, ಒಂದು ದಿನವಾದರೂ ನೋಡಿದ್ದೀರಾ?

ಇವತ್ತು ನನ್ನ ಕಾಲಿಗೆ ಬೀಳಲು ಸಾಲು ನಿಲ್ಲಬೇಡಿ. ಶಾಲು ತಂದಿದ್ದರೆ ವಾಪಸ್ ಒಯ್ಯಿರಿ. ನಿಮಗೆ ಸತ್ಯ ಹೇಳಿ ಬೈಸಿಕೊಂಡವರು ಒಬ್ಬರಾದರೂ ಇದ್ದಾರೆ. ಈಗ ನಿಮಗೆಲ್ಲ ಅವರ ಮುಖ ನೆನಪಾಗಿದೆ, ನನಗೆ ಗೊತ್ತು. ಅವರ ಬಳಿ ಹೋಗಿ, "ಅವತ್ತು ನೀನು ಏನು ಹೇಳಿದ್ದೆ, ಇನ್ನೊಮ್ಮೆ ಹೇಳು" ಎನ್ನಿ. ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಮುಗಿದ ಮೇಲೆ "ತಪ್ಪು ನನ್ನದೇ" ಎನ್ನಿ. ಅದರ ಹಿಂದೆ "ಆದರೆ" ಸೇರಿಸಬೇಡಿ.

ಅಷ್ಟು ಆಗದಿದ್ದರೆ ಬರುವ ಅಮಾವಾಸ್ಯೆಗೆ ಇಲ್ಲಿ ಬರಬೇಡಿ. ನಾನು ಒಮ್ಮೆ ಒಬ್ಬ ತಂದೆಗೆ ವಾಶರ್ ಹಾಕಿ ಒಂದು ಹುಡುಗಿಯನ್ನು ಹಲಗೆಯ ಮೇಲೆ ಇಳಿಸಿದ್ದೇನೆ. ಇನ್ನು ಆ ಕೆಲಸ ನನ್ನಿಂದ ಆಗುವುದಿಲ್ಲ.